ಕೆಂಪು ಗೆರೆಯ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ನನ್ನ ಮುಂದೆ ಒಂದು ಹಳೇ ನೋಟ್‌ಬುಕ್ ಇದೆ. ರಟ್ಟು ಹರಿದಿದೆ, ಮೂಲೆಗಳು ಮಡಚಿಹೋಗಿವೆ. ಕೆಲವು ವರ್ಷಗಳ ಹಿಂದೆ ಆರು ತಿಂಗಳು ಒಂದು ದಿನವೂ ಬಿಡದೆ ಮನೆಯ ಖರ್ಚನ್ನೆಲ್ಲ ಇದರಲ್ಲಿ ಬರೆದಿಟ್ಟಿದ್ದೆ. ಆಗ ನಾನು ದುಡ್ಡಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ, ವಿಡಿಯೊ ಸಿಕ್ಕರೆ ರಾತ್ರಿ ಕೂತು ನೋಡುತ್ತಿದ್ದೆ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಮಾತು. ಸಣ್ಣಪುಟ್ಟ ಖರ್ಚು ನಿಲ್ಲಿಸಿ, ಆ ದುಡ್ಡನ್ನು ಹೂಡಿಕೆ ಮಾಡಿ, ಮೂವತ್ತು ವರ್ಷ ಕಾಯಿರಿ, ಶ್ರೀಮಂತರಾಗುತ್ತೀರಿ. ಸರಿ, ಒಂದು ಕೆಂಪು ಪೆನ್ನು ತಂದೆ. ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನಿಸಿದ ಖರ್ಚಿನ ಕೆಳಗೆಲ್ಲ ಗೆರೆ ಎಳೆಯುತ್ತಾ ಹೋದೆ.

ಆರು ತಿಂಗಳಾದ ಮೇಲೆ ಕೂಡಿ ನೋಡಿದೆ. ಮನೆಗೆ ಬಂದ ಆದಾಯ ನೂರು ಅಂತ ಇಟ್ಟುಕೊಳ್ಳಿ. ಬಾಡಿಗೆಗೆ 34 ಹೋಗಿತ್ತು. ಸಾಲದ ಕಂತುಗಳಿಗೆ 22. ದಿನಸಿ, ಕರೆಂಟು, ನೀರು ಎಲ್ಲ ಸೇರಿ 23. ಓಡಾಟಕ್ಕೆ 8. ಅಮ್ಮನ ಔಷಧಿಗೆ 7. ಕೆಂಪು ಗೆರೆ ಎಳೆದದ್ದನ್ನೆಲ್ಲ ಗುಡ್ಡೆ ಹಾಕಿದರೂ 4. ಉಳಿದದ್ದು 2.

ಆ 4 ಅನ್ನುವ ಅಂಕಿಯನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಮಗನಿಗೆ ಒಂದು ಬಲೂನು ಕೊಡಿಸಿದ್ದಕ್ಕೂ ಕೆಂಪು ಗೆರೆ ಎಳೆದಿದ್ದೇನೆ, ಈಗಲೂ ಈ ಪುಟದಲ್ಲಿ ಕಾಣುತ್ತಿದೆ. ಆರು ತಿಂಗಳು ನಾನು ನನ್ನನ್ನೇ ಬೈದುಕೊಂಡದ್ದು ಈ ನಾಲ್ಕಕ್ಕಾ? ಬಾಡಿಗೆ, ಕಂತು, ಔಷಧಿ ಇವುಗಳ ಬಗ್ಗೆ ನಾನು ಓದಿದ ಯಾವ ಸಲಹೆಯಲ್ಲೂ ಒಂದು ಸಾಲಿಗಿಂತ ಜಾಸ್ತಿ ಇರಲಿಲ್ಲ.

ಜನಪ್ರಿಯ ಸಲಹೆಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅವುಗಳಲ್ಲಿ ಕೆಲವು ನನ್ನ ಮನೆಯನ್ನು ಉಳಿಸಿವೆ, ಅದನ್ನೂ ಹೇಳುತ್ತೇನೆ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನಾದರೂ ಉಳಿಯುವವರಿಗೆ ಅವು ದಾರಿ ತೋರಿಸುತ್ತವೆ. ಏನೂ ಉಳಿಯದವರ ತಲೆ ಮೇಲೆ ಸುಮ್ನೆ ತಪ್ಪಿನ ಹೊರೆ ಹೊರಿಸುತ್ತವೆ. ಆ ಹೊರೆ ನಾನು ಹೊತ್ತಿದ್ದೇನೆ. ಅದಕ್ಕೇ ಈ ಮಾತು.

50-30-20 ಅನ್ನುವ ಸೂತ್ರ ನೀವು ಕೇಳಿರುತ್ತೀರಿ. ಆದಾಯದಲ್ಲಿ 50 ಪಾಲು ಅಗತ್ಯಗಳಿಗೆ, 30 ಆಸೆಗಳಿಗೆ, 20 ಉಳಿತಾಯಕ್ಕೆ. ಇದು ಜನಪ್ರಿಯವಾದದ್ದು 2005ರಲ್ಲಿ ಅಮೆರಿಕದ ಎಲಿಜಬೆತ್ ವಾರೆನ್ ತಮ್ಮ ಮಗಳ ಜೊತೆ ಸೇರಿ ಬರೆದ ಪುಸ್ತಕದಿಂದ. ವಾರೆನ್ ಆಗ ಕಾನೂನು ಪ್ರಾಧ್ಯಾಪಕಿ. ದಿವಾಳಿಯಾದ ಕುಟುಂಬಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅದಕ್ಕೆ ಎರಡು ವರ್ಷ ಮೊದಲು, 2003ರಲ್ಲಿ, ಇದೇ ತಾಯಿ-ಮಗಳು ಇನ್ನೊಂದು ಪುಸ್ತಕ ಬರೆದಿದ್ದರು. ಅದರಲ್ಲಿ ಅವರು ಹೇಳಿದ್ದೇನು ಗೊತ್ತಾ? ಕುಟುಂಬಗಳು ಮುಳುಗುವುದು ಬಟ್ಟೆಬರೆ, ತಿರುಗಾಟದ ದುಂದುವೆಚ್ಚದಿಂದಲ್ಲ. ಮನೆಗೆ, ಆರೋಗ್ಯ ವಿಮೆಗೆ, ಮಕ್ಕಳ ಪಾಲನೆಗೆ ಕಟ್ಟಲೇಬೇಕಾದ ದುಡ್ಡು ಬೆಳೆದು ಬೆಳೆದು ಆದಾಯವನ್ನೆಲ್ಲ ನುಂಗಿಬಿಟ್ಟಿರುತ್ತದೆ, ಆಮೇಲೆ ಕೆಲಸ ಹೋಯಿತೋ, ಕಾಯಿಲೆ ಬಂತೋ, ಸಂಸಾರ ಒಡೆಯಿತೋ, ಅಲ್ಲಿಗೆ ಮುಗಿಯಿತು. ಸೂತ್ರ ಲೋಕವೆಲ್ಲ ಸುತ್ತಿತು. ಅದನ್ನು ಕೊಟ್ಟವರೇ ಮೊದಲು ಹೇಳಿದ ಈ ಮಾತು ಅಷ್ಟು ದೂರ ಹೋಗಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅಗತ್ಯಕ್ಕೇ 94 ಹೋಗಿತ್ತು. ಅದನ್ನು 50ಕ್ಕೆ ಇಳಿಸಲು ಯಾವ ಕೆಂಪು ಪೆನ್ನಿಗೂ ಆಗುವುದಿಲ್ಲ.

ಇನ್ನು ಚಕ್ರಬಡ್ಡಿ. ಇದರ ಬಗ್ಗೆ ಹೇಳದ ಸಲಹೆಗಾರರೇ ಇಲ್ಲ. ನೂರು ಇಟ್ಟು ವರ್ಷಕ್ಕೆ ಶೇಕಡಾ 7ರಂತೆ ಬೆಳೆಯಲು ಬಿಟ್ಟರೆ 30 ವರ್ಷಕ್ಕೆ 761 ಆಗುತ್ತದೆ. ಏಳೂವರೆ ಪಟ್ಟು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ 30 ವರ್ಷ ಬೆಲೆಗಳು ಸುಮ್ನೆ ಕೂತಿರುವುದಿಲ್ಲ, ಅಲ್ವಾ? ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, ಇವತ್ತು ನೂರಕ್ಕೆ ಸಿಗುವ ಸಾಮಾನಿಗೆ ಆಗ 432 ಕೊಡಬೇಕು. ಅಂದರೆ ಆ 761ಕ್ಕೆ ಬರುವುದು ಇವತ್ತಿನ 176ರಷ್ಟು ಸಾಮಾನು. ಏಳೂವರೆ ಪಟ್ಟು ಅಂದದ್ದು ಎರಡು ಪಟ್ಟೂ ಆಗಲಿಲ್ಲ. ಇದರ ಮೇಲೆ ನಿಮ್ಮ ದುಡ್ಡು ನೋಡಿಕೊಳ್ಳುವವರು ವರ್ಷಕ್ಕೆ ಶೇಕಡಾ ಒಂದೂವರೆ ಶುಲ್ಕ ಹಿಡಿದುಕೊಂಡರೆ 7 ಇದ್ದದ್ದು ಐದೂವರೆ ಆಯಿತು. ಆಗ ಕೈಗೆ ಬರುವುದು 498. ಬೆಲೆ ಏರಿಕೆ ಕಳೆದರೆ 115. ಮೂವತ್ತು ವರ್ಷ ಕಾದು, ನೂರರ ಮೇಲೆ ಹದಿನೈದು.

ಈ ಶುಲ್ಕದ ಪಾಠ ನಾನು ಕಲಿತದ್ದು ಕೈ ಸುಟ್ಟುಕೊಂಡು. ಪರಿಚಯದವರೊಬ್ಬರು ಮನೆಗೆ ಬಂದು, ವಿಮೆಯೂ ಆಯಿತು ಉಳಿತಾಯವೂ ಆಯಿತು ಅಂತ ಒಂದು ಪಾಲಿಸಿ ಮಾಡಿಸಿದರು. ಮೂರನೇ ವರ್ಷ ಅಮ್ಮ ಆಸ್ಪತ್ರೆ ಸೇರಿದಾಗ ಅದನ್ನು ಮುರಿಸಲು ಹೋದೆ. ಕೌಂಟರಿನ ಆಚೆ ಕೂತಿದ್ದವರು ಒಂದು ಚೀಟಿಯ ಮೇಲೆ ಮೊತ್ತ ಬರೆದು, ಏನೂ ಮಾತಾಡದೆ ನನ್ನ ಕಡೆ ತಿರುಗಿಸಿದರು. ಕಟ್ಟಿದ್ದರಲ್ಲಿ ಅರ್ಧವೂ ಇರಲಿಲ್ಲ. ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ಮಾರಿದವರ ಕಮಿಷನ್ನಿಗೆ ಹೋಗಿತ್ತು ಅಂತ ಆಗ ಗೊತ್ತಾಯಿತು. ಕಾಗದದಲ್ಲಿ ಯಾವ ಸುಳ್ಳೂ ಇರಲಿಲ್ಲ. ಎಲ್ಲ ಬರೆದಿದ್ದರು, ಸಣ್ಣ ಅಕ್ಷರದಲ್ಲಿ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಚೀಟಿಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ.

ಅದಕ್ಕೇ ನನಗೆ ಜಾನ್ ಬೋಗಲ್ ಅವರ ಮೇಲೆ ಗೌರವ. 1976ರಲ್ಲಿ ಅವರು ಅಮೆರಿಕದಲ್ಲಿ ಸಾಮಾನ್ಯ ಜನರಿಗಾಗಿ ಮೊದಲ ಇಂಡೆಕ್ಸ್ ಫಂಡ್ ತೆರೆದರು. ಯಾವ ಷೇರು ಏರುತ್ತದೆ, ಯಾವುದು ಬೀಳುತ್ತದೆ ಅಂತ ಊಹಿಸುತ್ತಾ ಕೂರದೆ, ಸೂಚ್ಯಂಕದಲ್ಲಿ, ಅಂದರೆ ಷೇರು ಪೇಟೆಯ ಏರಿಳಿತ ಅಳೆಯಲು ಇಟ್ಟುಕೊಂಡ ಕಂಪನಿಗಳ ಪಟ್ಟಿಯಲ್ಲಿ, ಇರುವುದನ್ನೆಲ್ಲ ಅದರ ತೂಕಕ್ಕೆ ತಕ್ಕಂತೆ ಕೊಂಡು ಇಟ್ಟುಬಿಡುವುದು, ಶುಲ್ಕ ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಮಾಡುವುದು, ಇಷ್ಟೇ ಅದರ ಹೂರಣ. 15 ಕೋಟಿ ಡಾಲರ್ ಬರಬಹುದು ಅಂದುಕೊಂಡಿದ್ದರು, ಬಂದದ್ದು ಸುಮಾರು 1 ಕೋಟಿ 13 ಲಕ್ಷ. ಬೋಗಲ್‌ರ ಹುಚ್ಚು ಅಂತ ಜನ ಆಡಿಕೊಂಡರು. ಈಗ ಅದೇ ದಾರಿಯಲ್ಲಿ ಕೋಟ್ಯಂತರ ಜನ ದುಡ್ಡು ಹಾಕುತ್ತಿದ್ದಾರೆ. ಕಡಿಮೆ ಶುಲ್ಕದ ಇಂಡೆಕ್ಸ್ ಫಂಡಿನಲ್ಲಿ ಹಾಕಿ ಅನ್ನುವ ಸಲಹೆ ಒಳ್ಳೆಯದು, ಅದನ್ನು ನಾನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ಹಾಕಲು ದುಡ್ಡು ಇರಬೇಕು, ಅಷ್ಟೇ.

ಜನಪ್ರಿಯ ಸಲಹೆಗಳಲ್ಲಿ ನನಗೆ ನಿಜವಾಗಿ ಆಸರೆಯಾದದ್ದು ಸಾಲದ ಬಗ್ಗೆ ಹೇಳಿದ್ದು. 72 ಅನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ಎರಡು ಪಟ್ಟಾಗಲು ಎಷ್ಟು ವರ್ಷ ಬೇಕು ಅಂತ ಸುಮಾರಾಗಿ ತಿಳಿಯುತ್ತದೆ. ಶೇಕಡಾ 7ರ ಹೂಡಿಕೆಗೆ ಹತ್ತು ವರ್ಷದ ಮೇಲೆ ಬೇಕು. ಕ್ರೆಡಿಟ್ ಕಾರ್ಡಿನವರು ತಿಂಗಳಿಗೆ ಶೇಕಡಾ 3 ಹಾಕಿದರೆ ವರ್ಷಕ್ಕೆ 36 ಆಯಿತು, ಕಟ್ಟದೆ ಬಿಟ್ಟರೆ ಆ ಸಾಲ ಎರಡೇ ವರ್ಷಕ್ಕೆ ಎರಡು ಪಟ್ಟು. ಎಲ್ಲರೂ ಹೊಗಳುವ ಆ ಚಕ್ರಬಡ್ಡಿ ಸಾಲ ಮಾಡಿದವರ ಮನೆಯಲ್ಲಿ ಐದು ಪಟ್ಟು ಜೋರಾಗಿ ಓಡುತ್ತಿರುತ್ತದೆ. ಇಂಥ ಸಾಲ ಇಟ್ಟುಕೊಂಡು ಶೇಕಡಾ 7 ಸಿಗುವ ಕಡೆ ಹೂಡಿಕೆ ಮಾಡುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಯಾವ ಸಾಲ ಮೊದಲು ತೀರಿಸಬೇಕು ಅನ್ನುವುದರಲ್ಲೂ ಒಂದು ಜಗಳ ಇದೆ. 2022ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಚೋಯ್ ಅನ್ನುವವರು ಹಣಕಾಸಿನ 50 ಜನಪ್ರಿಯ ಪುಸ್ತಕಗಳನ್ನು ತೆಗೆದುಕೊಂಡು, ಅವುಗಳ ಮಾತನ್ನು ಅರ್ಥಶಾಸ್ತ್ರಜ್ಞರ ಮಾತಿನ ಜೊತೆ ಹೋಲಿಸಿ ಒಂದು ಲೇಖನ ಪ್ರಕಟಿಸಿದರು. ಬಡ್ಡಿ ಜಾಸ್ತಿ ಇರುವ ಸಾಲ ಮೊದಲು ತೀರಿಸಿ ಅನ್ನುತ್ತದೆ ಅರ್ಥಶಾಸ್ತ್ರ. ಚಿಕ್ಕ ಸಾಲ ಮೊದಲು ತೀರಿಸಿ, ಮನಸ್ಸಿಗೆ ಬಲ ಬರುತ್ತದೆ ಅನ್ನುತ್ತವೆ ಹಲವು ಪುಸ್ತಕಗಳು. ಇಲ್ಲಿ ನಾನು ಪುಸ್ತಕಗಳ ಕಡೆ. ನನಗೆ ಮೂರು ಸಾಲ ಇದ್ದವು. ಎಲ್ಲಕ್ಕಿಂತ ಚಿಕ್ಕದು ತೀರಿದ ದಿನ ಈ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದೆ. ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದೇನೆ. ಅವತ್ತು ಆ ಗೆರೆ ಇಲ್ಲದಿದ್ದರೆ ಉಳಿದ ಎರಡನ್ನು ತೀರಿಸುವ ಛಲ ನನ್ನಲ್ಲಿ ಇರುತ್ತಿರಲಿಲ್ಲ.

ಅದೇ ಲೇಖನದಲ್ಲಿ ಇನ್ನೊಂದು ಮಾತು ಇದೆ. ಪುಸ್ತಕಗಳು ಸಾಮಾನ್ಯವಾಗಿ ಎಲ್ಲ ವಯಸ್ಸಿನಲ್ಲೂ ಉಳಿಸುತ್ತಲೇ ಇರಿ ಅನ್ನುತ್ತವೆ. ಮುಂದೆ ಸಂಬಳ ಏರುವುದಿದ್ದರೆ ಚಿಕ್ಕ ವಯಸ್ಸಿನಲ್ಲಿ ಕಡಿಮೆ ಉಳಿಸಿದರೂ, ಏನೂ ಉಳಿಸದಿದ್ದರೂ ತಪ್ಪಿಲ್ಲ ಅನ್ನುವುದು ಅರ್ಥಶಾಸ್ತ್ರದ ಲೆಕ್ಕ. ಇಪ್ಪತ್ತೈದಕ್ಕೇ ಶುರು ಮಾಡಲಿಲ್ಲ, ನನ್ನ ಬದುಕು ಹಾಳಾಯಿತು ಅಂತ ಕೊರಗುವ ಹುಡುಗ ಹುಡುಗಿಯರು ಇದನ್ನು ಒಮ್ಮೆ ಕೇಳಿಸಿಕೊಳ್ಳಲಿ. ಉಳಿಸುವ ಅಭ್ಯಾಸ ಒಳ್ಳೆಯದೇ, ಆದರೆ ಊಟ ಬಿಟ್ಟು ಉಳಿಸಬೇಕಾಗಿಲ್ಲ.

ಹಾಗಾದರೆ ತಿಳಿವಳಿಕೆ ಕೊಟ್ಟರೆ ಜನ ಬದಲಾಗುತ್ತಾರಾ? 2014ರಲ್ಲಿ 201 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರ ಪ್ರಕಾರ, ದುಡ್ಡಿನ ವಿಷಯದಲ್ಲಿ ಜನರ ನಡವಳಿಕೆಯಲ್ಲಿರುವ ವ್ಯತ್ಯಾಸದಲ್ಲಿ ಹಣಕಾಸಿನ ಪಾಠಗಳಿಂದ ಬಂದದ್ದು ಶೇಕಡಾ 0.1 ಮಾತ್ರ. 2022ರಲ್ಲಿ 76 ಪ್ರಯೋಗಗಳನ್ನು ನೋಡಿದ ಇನ್ನೊಂದು ತಂಡ, ಇಲ್ಲ, ಪ್ರಯೋಜನ ಅದಕ್ಕಿಂತ ಚೆನ್ನಾಗಿಯೇ ಇದೆ ಅಂದಿತು. ಇರಲಿ. ನನ್ನ ಗಮನ ಸೆಳೆದದ್ದು ಬೇರೆ ಒಂದು ಪ್ರಯೋಗ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಕಂಪನಿಯ ನೌಕರರಿಗೆ ಹೇಳಿದ್ದು ಇಷ್ಟು: ಈಗ ಏನೂ ಕೊಡಬೇಡಿ, ಮುಂದೆ ಸಂಬಳ ಹೆಚ್ಚಾದಾಗಲೆಲ್ಲ ಆ ಹೆಚ್ಚಳದಲ್ಲಿ ಒಂದು ಪಾಲು ತಾನಾಗಿಯೇ ಉಳಿತಾಯಕ್ಕೆ ಹೋಗಲಿ ಅಂತ ಇವತ್ತೇ ಒಪ್ಪಿಕೊಳ್ಳಿ. ಒಪ್ಪಿ ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಏರಿತು. ಇವರು 2004ರಲ್ಲಿ ಪ್ರಕಟಿಸಿದ ಫಲಿತಾಂಶ ಇದು. ಯಾರೂ ಭಾಷಣ ಬಿಗಿಯಲಿಲ್ಲ, ಯಾರ ಇಚ್ಛಾಶಕ್ತಿಯನ್ನೂ ಕೆಣಕಲಿಲ್ಲ. ಏರ್ಪಾಡು ಚೆನ್ನಾಗಿತ್ತು, ಸಂಬಳವೂ ಏರುತ್ತಿತ್ತು. ಆ ಎರಡನೆಯದನ್ನು ದಯವಿಟ್ಟು ಮರೆಯಬೇಡಿ.

ಕೈಯಲ್ಲಿ ದುಡ್ಡಿಲ್ಲದಾಗ ತಲೆ ಹೇಗೆ ಓಡುತ್ತದೆ ಅನ್ನುವುದು ಅನುಭವಿಸಿದವರಿಗೆ ಗೊತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಮ್ಮೆ, ದುಡ್ಡು ಕೈಗೆ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆ ಕೊಟ್ಟರು. ಅದೇ ಜನ, ಅದೇ ತಲೆ. ದುಡ್ಡಿನ ಚಿಂತೆ ಇದ್ದಾಗ ಅಂಕ ಕಡಿಮೆ ಬಂತು. ನನಗಂತೂ ಇದರಲ್ಲಿ ಆಶ್ಚರ್ಯ ಇಲ್ಲ. ಕಂತಿನ ತಾರೀಕು ಹತ್ತಿರ ಬಂದಾಗ ನಾನು ಒಲೆ ಮೇಲೆ ಹಾಲಿಟ್ಟು ಮರೆತಿದ್ದೇನೆ, ಮಗ ಎರಡು ಸಲ ಕರೆದರೂ ಕೇಳಿಸದೆ ನಿಂತಿದ್ದೇನೆ. ಅಂಥ ಹೊತ್ತಿನಲ್ಲಿ ಒಬ್ಬರು ಬಂದು ಶಿಸ್ತು ಬೇಕು, ಯೋಜನೆ ಬೇಕು ಅಂದರೆ ಅದು ಕಿವಿಗೆ ಬೀಳುವುದಿಲ್ಲ, ಎದೆಗೆ ಚುಚ್ಚುತ್ತದೆ.

ನೋಡಿ, ನಾನೇ ಮಾಡಿದೆ, ನೀವೂ ಮಾಡಬಹುದು ಅನ್ನುವವರ ಬಗ್ಗೆಯೂ ಒಂದು ಮಾತು. ಅವರು ಮಾಡಿದ್ದು ನಿಜವೇ ಇರಬಹುದು. ಆದರೆ ಹಾಗೇ ಮಾಡಿ ಸೋತವರು ಯಾರೂ ಪುಸ್ತಕ ಬರೆಯುವುದಿಲ್ಲ, ವಿಡಿಯೊ ಮಾಡುವುದಿಲ್ಲ. ಇನ್ನು ಗೆದ್ದವರಲ್ಲಿ ಕೆಲವರಿಗೆ ಈಗ ಹೂಡಿಕೆಗಿಂತ ಸಲಹೆ ಮಾರಿಯೇ ಜಾಸ್ತಿ ದುಡ್ಡು ಬರುತ್ತಿರುತ್ತದೆ. ಸಲಹೆ ಕೇಳುವ ಮೊದಲು ಇವರ ಆದಾಯ ಎಲ್ಲಿಂದ ಬರುತ್ತಿದೆ ಅಂತ ಕೇಳಿಕೊಳ್ಳಿ.

ಕಳೆದ ತಿಂಗಳು ಅಕ್ಕನ ಮಗಳು ಮನೆಗೆ ಬಂದಿದ್ದಳು. ಮೊದಲ ಕೆಲಸ, ಸೇರಿ ವರ್ಷ ತುಂಬಿದೆ. "ಚಿಕ್ಕಮ್ಮಾ, ಎಲ್ಲಿ ಹೂಡಿಕೆ ಮಾಡಲಿ ಹೇಳಿ" ಅಂತ ಸಂಬಳದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. ಇಬ್ಬರೂ ಕೂತು ನೋಡಿದೆವು. ಕಾರ್ಡಿನ ಸಾಲ ಸ್ವಲ್ಪ ಇತ್ತು, ಅದನ್ನು ಮೊದಲು ತೀರಿಸು ಅಂದೆ. ಸಂಬಳ ಬಂದ ದಿನವೇ ಒಂದು ಚಿಕ್ಕ ಮೊತ್ತ ಬೇರೆ ಖಾತೆಗೆ ತಾನಾಗಿಯೇ ಹೋಗುವ ಹಾಗೆ ಮಾಡಿದೆವು. ಮೂರು ತಿಂಗಳ ಖರ್ಚಿನಷ್ಟು ಅಲ್ಲಿ ಸೇರುವ ತನಕ ಬೇರೆ ಯಾವುದಕ್ಕೂ ಕೈ ಹಾಕಬೇಡ ಅಂದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

"ಇಷ್ಟೇನಾ? ಇದರಿಂದ ನಾನು ಶ್ರೀಮಂತಳಾಗ್ತೀನಾ ಚಿಕ್ಕಮ್ಮಾ?" ಅಂದಳು.

"ಇಲ್ಲ ಕಣೇ, ಇಷ್ಟು ಮೊತ್ತದಲ್ಲಿ ಆಗಲ್ಲ" ಅಂದೆ. "ಕೆಲಸ ಹೋದರೆ ಮೂರು ತಿಂಗಳು ಯಾರ ಹತ್ತಿರವೂ ಕೈ ಚಾಚಬೇಕಾಗಲ್ಲ, ಅಷ್ಟು ಆಗುತ್ತೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಂಬಳದ ಚೀಟಿಯನ್ನು ಮತ್ತೆ ಕೈಗೆ ತೆಗೆದುಕೊಂಡು, ತನ್ನ ಜೊತೆ ಅದೇ ಕೆಲಸ ಮಾಡುವ ಹುಡುಗನಿಗೆ ಇದಕ್ಕಿಂತ ಜಾಸ್ತಿ ಕೊಡುತ್ತಾರೆ ಅಂತ ಮೆಲ್ಲಗೆ ಹೇಳಿದಳು. ಅವತ್ತು ಸಂಜೆ ನಾವು ಉಳಿತಾಯದ ಮಾತು ಮತ್ತೆ ಎತ್ತಲಿಲ್ಲ. ಸಂಬಳ ಹೆಚ್ಚಿಸಿ ಅಂತ ಅವಳ ಮೇಲಧಿಕಾರಿಗೆ ಕೊಡಬೇಕಾದ ಪತ್ರವನ್ನು, ಈ ನೋಟ್‌ಬುಕ್ಕಿನ ಕೊನೆಯ ಖಾಲಿ ಹಾಳೆಯಲ್ಲಿ, ಮೂರು ಸಲ ತಿದ್ದಿ ತಿದ್ದಿ ಬರೆದೆವು.

ನಮಸ್ಕಾರ.