ಸಹಜ ಸಾವು ಎಂದು ಬರೆಯುವ ಮುನ್ನ

ಮೀನುಗಾರ ಬಂಧುಗಳೇ ಹೆಚ್ಚಾಗಿ ಸೇರಿರುವ ಸಭೆ ಇದು, ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ. ಕಾರವಾರದ ಬೈತಖೋಲ ಬಂದರಿನಿಂದ ಹೊರಟ ದೋಣಿಯಿಂದ ಒಬ್ಬರು ನೀರಿಗೆ ಬಿದ್ದು ತೀರಿಕೊಂಡರು ಎಂದುಕೊಳ್ಳಿ. ಕಾಲು ಜಾರಿ ಮುಳುಗಿದರೋ, ಹೃದಯ ನಿಂತು ಬಿದ್ದರೋ? ಹೊರಗಿನಿಂದ ನೋಡಿ ಹೇಳುವುದು ವೈದ್ಯನಿಗೂ ಆಗದ ಮಾತು. ಮೊದಲನೆಯದಾದರೆ ಅಪಘಾತ, ವಿಮೆಯ ಪ್ರಶ್ನೆ ಏಳುತ್ತದೆ. ಎರಡನೆಯದಾದರೆ ಅದು ಕಾಯಿಲೆಯಿಂದಾದ ಸಹಜ ಸಾವು. ಆಗ ಮನೆಯಲ್ಲಿ ಉಳಿದವರ ಹೃದಯ ಹೇಗಿದೆ ಎಂದು ಕೇಳಬೇಕಾಗುತ್ತದೆ. ಆದರೆ ಪೋಸ್ಟ್‌ಮಾರ್ಟಂ ಎಂದೊಡನೆ 'ಸತ್ತವರನ್ನು ಮತ್ತೆ ಕೊಯ್ಯಬೇಡಿ' ಎಂದು ಹಿರಿಯರು ಅಡ್ಡ ಬರುತ್ತಾರೆ. ಊರಿನ ದೊಡ್ಡವರಿಂದ ಫೋನ್ ಕೂಡ ಮಾಡಿಸುತ್ತಾರೆ!

ಕೊಯ್ದು ನಾವು ನೋಡುವುದೇನು? ಹೃದಯಕ್ಕೆ ರಕ್ತ ಕೊಡುವ ನಾಳಗಳನ್ನು ಸುಮಾರು 3 ಮಿಲಿಮೀಟರಿಗೊಮ್ಮೆ ಅಡ್ಡಡ್ಡ ಕತ್ತರಿಸುತ್ತೇವೆ. ಆರೋಗ್ಯವಂತರ ನಾಳ ಮೆತ್ತಗೆ ತುಂಡಾಗುತ್ತದೆ. ವರ್ಷಗಟ್ಟಲೆ ಬೀಡಿ ಸೇದಿದವರದ್ದು, ಸಕ್ಕರೆ ಕಾಯಿಲೆಯವರದ್ದು ಎಷ್ಟೋ ಸಲ ಸುಣ್ಣ ಕಟ್ಟಿ ಕರಕರ ಎನ್ನುತ್ತದೆ. ಒಳಗೆ ಹಳದಿ ಗಂಜಿಯಂಥ ಕೊಬ್ಬು; ಅದರ ಪೊರೆ ಒಡೆದ ಜಾಗದಲ್ಲಿ ಹೊಸದಾಗಿ ಕಟ್ಟಿದ ಹೆಪ್ಪು. 35 ದಾಟಿದವರ ಹಠಾತ್ ಸಾವಿನಲ್ಲಿ ಹೆಚ್ಚಾಗಿ ಸಿಗುವುದು ರಕ್ತನಾಳದ ಈ ಕಾಯಿಲೆಯೇ. ಹೃದಯದ ಮಾಂಸ ಮಾತ್ರ ನೋಡಲು ಚೆನ್ನಾಗಿಯೇ ಇರಬಹುದು. ಹೃದಯಾಘಾತದ ಗುರುತು ಬರಿಗಣ್ಣಿಗೆ ಕಾಣಬೇಕಾದರೆ ರೋಗಿ ಹೆಚ್ಚುಕಡಿಮೆ ಅರ್ಧ ದಿನವಾದರೂ ಬದುಕಿರಬೇಕು. ಇವರೋ 'ಗ್ಯಾಸ್ ಆಗಿದೆ' ಎಂದು ಸೋಡಾ ಕುಡಿದು ಒಂದು ಗಂಟೆಯೊಳಗೆ ಹೋಗಿಬಿಟ್ಟಿರುತ್ತಾರೆ.

ಎಳೆಯರ ವಿಷಯ ಬೇರೆ. ಅವರಲ್ಲಿ ಕೆಲವರಿಗೆ ಹೃದಯದ ಗೋಡೆ ಹುಟ್ಟುಗುಣದಿಂದಲೇ ದಪ್ಪವಾಗುತ್ತ ಹೋಗುತ್ತದೆ. ತಂದೆ ಅಥವಾ ತಾಯಿಗೆ ಆ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನು ದೀರ್ಘ ಕ್ಯೂಟಿ ಎಂಬ ದೋಷ ಇರುವುದು ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ. ಶವದಲ್ಲಿ ಹುಡುಕಿದರೆ ಹೃದಯದಲ್ಲಿ ಏನೂ ಕಾಣುವುದಿಲ್ಲ. ಹಾಗೆ ಏನೂ ಕಾಣದಿರುವುದೇ ಒಂದು ಸುಳಿವು. ಈ ದೋಷದ ಒಂದು ಬಗೆಯಲ್ಲಿ ಈಜುವಾಗಲೇ ಮಿಡಿತದ ಲಯ ತಪ್ಪುವುದುಂಟು. ಈಜು ಚೆನ್ನಾಗಿ ಬಲ್ಲ ಹುಡುಗ ಶಾಂತ ನೀರಿನಲ್ಲಿ ಮುಳುಗಿದ ಎಂದರೆ ನನ್ನ ಕಿವಿ ನೆಟ್ಟಗಾಗುವುದು ಇದಕ್ಕೇ. ದೆವ್ವ ಎಳೆದುಕೊಂಡಿತು ಎನ್ನುವವರ ಜೊತೆ ನನಗೆ ಜಗಳವಿಲ್ಲ, ಅವನ ತಂಗಿಗೆ ಒಂದು ಇಸಿಜಿ ಮಾಡಿಸಿದರೆ ಸಾಕು. ದೋಷ ಸಿಕ್ಕಿದರೆ ಅದಕ್ಕೆ ಮಾತ್ರೆ ಇದೆ.

ಹಾಸನ ಜಿಲ್ಲೆಯ ಹಠಾತ್ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ, 2025ರ ಜುಲೈಯಲ್ಲಿ, ಆಸ್ಪತ್ರೆಯ ಹೊರಗಾಗುವ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ರಾಜ್ಯ ಸರ್ಕಾರ ಹೇಳಿತು. ತಡವಾದರೂ ಸರಿಯಾದ ಮಾತು. ನೀವು ಇಷ್ಟು ಮಾಡಿ: ಪರೀಕ್ಷೆ ಮುಗಿದ ಮೇಲೆ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ತೀರಿಕೊಂಡವರು ಚಿಕ್ಕ ವಯಸ್ಸಿನವರಾಗಿದ್ದರೆ ಅವರ ಒಡಹುಟ್ಟಿದವರನ್ನು, ಮಕ್ಕಳನ್ನು ಇಸಿಜಿಗೂ ಎಕೋ ಎಂಬ ಹೃದಯದ ಸ್ಕ್ಯಾನಿಗೂ ಕರೆತನ್ನಿ. ಬರುವಾಗ ಆ ಕಾಗದವೂ ಕೈಯಲ್ಲಿರಲಿ.