ಶನಿವಾರ ಸಂಜೆಯ ಗ್ರೀನ್ ಅನ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಇಂಗ್ಲೆಂಡಿನ ಶೆಫೀಲ್ಡ್, ಫಾರ್ಗೇಟ್ ರಸ್ತೆ. ಶನಿವಾರ, ಸಂಜೆ ಐದೂಮುಕ್ಕಾಲು. ಜಿಟಿಜಿಟಿ ಮಳೆ. ಮೂವತ್ತು ವರ್ಷದ ಹಿಂದೆ ಈ ಹೊತ್ತಿಗೆ ಇಲ್ಲಿ ಒಂದು ಕೂಗು ಕೇಳುತ್ತಿತ್ತು. "ಗ್ರೀನ್ ಅನ್! ಗ್ರೀನ್ ಅನ್!" ಹಸಿರಿನದ್ದು ಅಂತ ಅರ್ಥ. ಶನಿವಾರ ಸಂಜೆ ಬರುತ್ತಿದ್ದ ಫುಟ್‌ಬಾಲ್ ಪೇಪರಿನ ಹೆಸರು ಅದು.

ನಾನು ಭದ್ರಾವತಿಯವನು. 1993ರಲ್ಲಿ ಮೆಟಲರ್ಜಿ ಓದಲು ಬಂದೆ. ಉಕ್ಕಿನ ಊರಿಂದ ಉಕ್ಕಿನ ಊರಿಗೆ. ನಮ್ಮಲ್ಲಿ ಪೇಪರ್ ಅಂದರೆ ಬೆಳಿಗ್ಗೆ ಬರುವುದು, ನಿನ್ನೆಯ ಸುದ್ದಿ ತರುವುದು. ಮೂರು ಗಂಟೆಗೆ ಶುರುವಾದ ಫುಟ್‌ಬಾಲ್ ಮ್ಯಾಚು ಐದರೊಳಗೆ ಮುಗಿದು, ಆರರ ಸುಮಾರಿಗೆ ಅಚ್ಚಾಗಿ ಕೈಗೆ ಸಿಗುತ್ತದೆ ಅಂತ ಹೇಳಿದಾಗ ನಾನು ನಂಬಲೇ ಇಲ್ಲ.

ವರದಿಗಾರ ಮೈದಾನದಲ್ಲಿ ಕೂತು, ಆಟ ನಡೆಯುತ್ತಿದ್ದ ಹಾಗೇ ಫೋನಿನಲ್ಲಿ ಹೇಳುತ್ತಾ ಹೋಗುತ್ತಿದ್ದ. ಕಚೇರಿಯಲ್ಲಿ ಇನ್ನೊಬ್ಬರು ಟೈಪ್ ಮಾಡಿಕೊಳ್ಳುತ್ತಿದ್ದರು. ತುಂಡು ತುಂಡಾಗಿ ಬಂದದ್ದು ಬಂದ ಹಾಗೇ ಪುಟಕ್ಕೆ ಹೋಗುತ್ತಿತ್ತು. ಇನ್ನೂ ಹಿಂದೆ, ಫೋನ್ ಅಪರೂಪವಾಗಿದ್ದ ಕಾಲದಲ್ಲಿ, ಮೈದಾನದಿಂದ ಪಾರಿವಾಳಗಳ ಜೊತೆ ಚೀಟಿ ಕಳಿಸುತ್ತಿದ್ದರು!

ಅದಕ್ಕೇ ಆ ವರದಿಗಳಿಗೆ ಒಂದು ಬೇರೆಯೇ ಚಂದ ಇತ್ತು. ಮೊದಲ ಇಪ್ಪತ್ತು ನಿಮಿಷ ಗೋಲೇ ಇಲ್ಲ, ಆದರೂ ಒಂದೊಂದು ಕಾರ್ನರ್ ಕಿಕ್ಕಿನ ವಿವರ. ಸೆಕೆಂಡ್ ಹಾಫ್ ಬರುವಷ್ಟರಲ್ಲಿ ಜಾಗವೂ ಇಲ್ಲ, ಸಮಯವೂ ಇಲ್ಲ. ಮ್ಯಾಚು ಗೆಲ್ಲಿಸಿದ ಗೋಲಿಗೆ ಕೊನೆಯಲ್ಲಿ ಎರಡೇ ಸಾಲು. ಮದುವೆ ಊಟದಲ್ಲಿ ಉಪ್ಪಿನಕಾಯಿ, ಕೋಸಂಬರಿ ನಿಧಾನವಾಗಿ ಬಡಿಸಿ, ಹೋಳಿಗೆಯನ್ನು ಓಡೋಡುತ್ತಾ ಹಾಕಿದ ಹಾಗೆ. ನನಗೆ ಅದು ತುಂಬಾ ಇಷ್ಟ. ಭಾನುವಾರದ ಪೇಪರಿನವನು ಆಟದ ಕೊನೆ ಗೊತ್ತಿದ್ದು ಬರೆಯುತ್ತಾನೆ. ಇವನಿಗೆ ಗೊತ್ತಿರಲಿಲ್ಲ. ಓದುವಾಗ ನಾವೂ ಅವನ ಪಕ್ಕದಲ್ಲೇ ಕೂತಿರುತ್ತಿದ್ದೆವು.

ಇಂಥ ಪೇಪರ್ ಶೆಫೀಲ್ಡಿನಲ್ಲಿ ಮಾತ್ರ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 'ಸ್ಪೋರ್ಟ್ಸ್ ಆರ್ಗಸ್', ನಾರ್ವಿಚ್‌ನಲ್ಲಿ 'ಪಿಂಕ್ ಅನ್', ಮ್ಯಾಂಚೆಸ್ಟರಿನಲ್ಲಿ 'ಪಿಂಕ್'. ಮಾಮೂಲಿ ಸಂಜೆ ಪೇಪರಿನ ಜೊತೆ ಕಲೆಸಿ ಹೋಗದಿರಲಿ ಅಂತ ಬಣ್ಣದ ಹಾಳೆ. ಹಲವಕ್ಕೆ ಹೆಸರೂ ಆ ಬಣ್ಣದ್ದೇ.

ಒಳಪುಟಗಳಲ್ಲಿ ಚಿಕ್ಕ ಚಿಕ್ಕ ಲೀಗುಗಳ ಫಲಿತಾಂಶ ಇರುತ್ತಿತ್ತು. ಫ್ಯಾಕ್ಟರಿ ತಂಡ, ಪಬ್ ತಂಡ, ಮಕ್ಕಳ ತಂಡ. ನನ್ನ ಜೊತೆ ಲ್ಯಾಬಿನಲ್ಲಿದ್ದ ಒಬ್ಬರು ಮಗನ ಹೆಸರು ಬಂದ ತುಣುಕನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಒಂದು ಊರು ತನ್ನ ಮಕ್ಕಳ ಹೆಸರನ್ನು ಅಷ್ಟು ಅಕ್ಕರೆಯಿಂದ ಅಚ್ಚು ಹಾಕುವುದು ಸಣ್ಣ ಮಾತಾ?

ನಾನು ಬಾಡಿಗೆಗಿದ್ದ ಮನೆಯ ಓನರ್ ಅಜ್ಜ ರಿಟೈರ್ ಆದ ಉಕ್ಕಿನ ಕಾರ್ಮಿಕ. ಶೆಫೀಲ್ಡ್ ಯುನೈಟೆಡ್ ಅಂದರೆ ಪ್ರಾಣ. ಐದು ಗಂಟೆಗೆ ರೇಡಿಯೋ ಹಾಕುತ್ತಿದ್ದರು. ಬಿಬಿಸಿಯಲ್ಲಿ ಜೇಮ್ಸ್ ಅಲೆಗ್ಸಾಂಡರ್ ಗೋರ್ಡನ್ ಫಲಿತಾಂಶ ಓದುತ್ತಿದ್ದರು. ಅವರ ದನಿ ಏರುವ, ಇಳಿಯುವ ರೀತಿಯಲ್ಲೇ ಯಾರು ಗೆದ್ದರು ಅಂತ ತಿಳಿದುಬಿಡುತ್ತಿತ್ತು. ಅಷ್ಟಾದ ಮೇಲೂ ಅಜ್ಜ ನನ್ನ ಕೈಗೆ ಚಿಲ್ಲರೆ ಕೊಟ್ಟು, "ಪೇಪರ್ ತಂದುಬಿಡು, ಲವ್" ಅನ್ನುತ್ತಿದ್ದರು. ಈ ಊರಲ್ಲಿ ಗಂಡಸರೂ ಎಲ್ಲರನ್ನೂ ಹಾಗೇ ಕರೆಯುತ್ತಾರೆ. ಅವರಿಗೆ ಪೂಲ್ಸ್ ಆಡುವ ಅಭ್ಯಾಸ. ಯಾವ ಮ್ಯಾಚು ಡ್ರಾ ಆಗುತ್ತದೆ ಅಂತ ಮೊದಲೇ ಊಹಿಸಿ ಕೂಪನ್ ಕಳಿಸುವ ಆಟ ಅದು. ಪೇಪರ್ ಬಂದ ಕೂಡಲೇ ಡ್ರಾ ಆದ ಮ್ಯಾಚುಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು.

1994ರ ಮೇ 7. ಸೀಸನ್ನಿನ ಕೊನೆಯ ಶನಿವಾರ. ಯುನೈಟೆಡ್ ಲಂಡನ್ನಿನಲ್ಲಿ ಚೆಲ್ಸಿ ವಿರುದ್ಧ ಆಡುತ್ತಿತ್ತು. ಡ್ರಾ ಆದರೂ ಸಾಕಿತ್ತು, ಪ್ರೀಮಿಯರ್ ಲೀಗಿನಲ್ಲಿ ಉಳಿಯುತ್ತಿದ್ದರು. ಎರಡು ಸಲ ಮುಂದಿದ್ದರು. ಕೊನೇ ನಿಮಿಷದಲ್ಲಿ ಚೆಲ್ಸಿಯ ಮಾರ್ಕ್ ಸ್ಟೈನ್ ಗೋಲು ಹೊಡೆದ. 3-2. ಯುನೈಟೆಡ್ ಕೆಳಗಿನ ಲೀಗಿಗೆ ಬಿತ್ತು. ಅಜ್ಜ ರೇಡಿಯೋ ಆರಿಸಿದರು. ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಲ್ಲರೆ ತೆಗೆದು ನನ್ನ ಮುಂದೆ ಇಟ್ಟರು.

ಆಮೇಲೆ ಎಲ್ಲ ಬೇಗ ಬೇಗ ಬದಲಾಯಿತು. ಟಿವಿಗಾಗಿ ಮ್ಯಾಚುಗಳು ಭಾನುವಾರಕ್ಕೆ, ಸೋಮವಾರಕ್ಕೆ ಹೋದವು. ಮೊಬೈಲ್ ಬಂತು. 1907ರಲ್ಲಿ ಶುರುವಾಗಿದ್ದ ಗ್ರೀನ್ ಅನ್ 2013ರಲ್ಲಿ ನಿಂತಿತು.

ಅಜ್ಜ ತೀರಿಕೊಂಡ ಮೇಲೆ ಅವರ ಮಗಳು ನನಗೆ ಒಂದು ಹಳೇ ಪೇಪರ್ ಕೊಟ್ಟರು. ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ, ನೋಡಿ. ಮೇ 7ರದ್ದೇ. ಅವತ್ತೂ ಅಜ್ಜ ಫಲಿತಾಂಶದ ಪುಟ ತೆರೆದು ಒಂದೊಂದೇ ಗುರುತು ಹಾಕಿದ್ದಾರೆ. ಇಲ್ಲಿ, ಬ್ಲ್ಯಾಕ್‌ಬರ್ನ್ 0, ಇಪ್ಸ್‌ವಿಚ್ 0. ಈ ಡ್ರಾದಿಂದಲೇ ಇಪ್ಸ್‌ವಿಚ್ ಒಂದೇ ಪಾಯಿಂಟಿನ ಅಂತರದಲ್ಲಿ ಉಳಿದುಕೊಂಡಿತು, ಯುನೈಟೆಡ್ ಬಿತ್ತು. ಅದರ ಪಕ್ಕದಲ್ಲೂ ಪೆನ್ಸಿಲ್ ಗುರುತು ಇದೆ. ಬೇರೆ ಗುರುತುಗಳ ಹಾಗೇ, ನೀಟಾಗಿ.