ಮಿಲ್ಲಿನ ಕಾಗದದಲ್ಲಿ ಅಜ್ಜ, ಖಾನಾವಳಿ ಲೆಕ್ಕದಲ್ಲಿ ಅಮ್ಮಮ್ಮ

ಎಲ್ಲರಿಗೂ ನಮಸ್ಕಾರ. ಈಗ ಕಾಣುತ್ತಿರುವ ಚಿಮಣಿ ಮುಂಬೈ ಲೋವರ್ ಪರೇಲ್‌ನ ಫೀನಿಕ್ಸ್ ಬಟ್ಟೆ ಮಿಲ್ಲಿನದು. ಮಿಲ್ ಹೋಗಿ ಮಾಲ್ ಆಗಿದೆ. ಅಜ್ಜ ದುಡಿದದ್ದು ಬೇರೆ ಮಿಲ್ಲಿನಲ್ಲಿ. ಅಲ್ಲಿ ಈಗ ಚಿಮಣಿಯೂ ಇಲ್ಲ, ಗೇಟೂ ಇಲ್ಲ. ಅದಕ್ಕೇ ಇಲ್ಲಿಂದ ಶುರು ಮಾಡಿದ್ದೇನೆ. ಹಾರ್ನ್ ಶಬ್ದ ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ.

ನಾನು ಹುಡುಕುತ್ತಿರುವುದು ಅಮ್ಮನ ಅಪ್ಪನನ್ನು, ಅಮ್ಮನ ಅಮ್ಮನನ್ನು, ಅಂದರೆ ನನ್ನ ಅಜ್ಜನನ್ನು, ಅಮ್ಮಮ್ಮನನ್ನು. ಕುಂದಾಪುರದ ಕಡೆಯವರು. ಅಜ್ಜನ ಮನೆಯವರು ಚಾಲಗೇಣಿಗೆ, ಅಂದರೆ ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ಗದ್ದೆ ಮಾಡುತ್ತಿದ್ದರು. ಒಡೆಯರಿಗೆ ಗೇಣಿ ಅಳೆದುಕೊಟ್ಟ ಮೇಲೆ ಉಳಿದ ಅಕ್ಕಿ ಮಳೆಗಾಲ ದಾಟಿಸುತ್ತಿರಲಿಲ್ಲ. ಹುಡುಗರು ಬೊಂಬಾಯಿಗೆ ಹೊರಡುತ್ತಿದ್ದರು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಜ್ಜನ ಕಾಲದಲ್ಲಿ ಮಂಗಳೂರಿಗೆ ಹೋಗಿ ಹಡಗು ಹತ್ತಬೇಕು, ಇಲ್ಲ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು ರೈಲು ಹಿಡಿಯಬೇಕು. ಅಜ್ಜ ಬಂದದ್ದು ಹಡಗಿನಲ್ಲಿ. ಮೊದಲು ಹೋಟೆಲಿನಲ್ಲಿ ಲೋಟ ತೊಳೆದರು. ಕೆಲಸ ಮುಗಿಸಿ ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಆಮೇಲೆ ಮಿಲ್ಲಿನಲ್ಲಿ ಬದ್ಲಿ.

ಬದ್ಲಿ ಅಂದರೆ ಬೆಳಿಗ್ಗೆ ಭೋಂಗಾ, ಅಂದರೆ ಮಿಲ್ಲಿನ ಸೈರನ್, ಕೂಗುವ ಮೊದಲೇ ಗೇಟಿನ ಹತ್ತಿರ ನಿಂತಿರಬೇಕು. ಯಾರಾದರೂ ಗೈರಾದರೆ ಇವತ್ತಿನ ಕೂಲಿ, ಇಲ್ಲದಿದ್ದರೆ ಬರಿಗೈ. ಎಷ್ಟೋ ವರ್ಷ ಹೀಗೇ ನಡೆದು ಕೊನೆಗೆ ಕಾಯಂ ಆದರು. ಇದಕ್ಕೆಲ್ಲ ಕಾಗದ ಇದೆ. ರಾತ್ರಿ ಶಾಲೆಯ ಸರ್ಟಿಫಿಕೇಟ್, ಬದ್ಲಿ ಪಾಸ್, ಇಎಸ್‌ಐ ಕಾರ್ಡು, ಪಿಎಫ್ ಚೀಟಿ. ಹುಟ್ಟಿದೂರು, ಅಪ್ಪನ ಹೆಸರು, ಎಲ್ಲ ಸಿಗುತ್ತದೆ. ನಿಮ್ಮ ಮನೆಯಲ್ಲೂ ಮಿಲ್ಲಿನವರಿದ್ದರೆ ಹುಡುಕಿ, ಅಜ್ಜಂದಿರು ಸುಲಭವಾಗಿ ಸಿಗುತ್ತಾರೆ.

ಅಮ್ಮಮ್ಮ ಸಿಗುವುದಿಲ್ಲ. ಶಾಲೆಗೆ ಹೋದವರಲ್ಲ, ಮಿಲ್ಲಿಗೂ ಹೋದವರಲ್ಲ.

ಸರಿ, ಇದು ಡೊಂಬಿವಲಿ. ಮಾವನ ಮನೆ. ಈ ಟ್ರಂಕಿನಲ್ಲೇ ಎಲ್ಲ ಇರುವುದು. ಈಗ ತೋರಿಸುತ್ತಿರುವ ರೇಷನ್ ಕಾರ್ಡ್ ನೋಡಿ. ಇದರ ಬಗ್ಗೆ ಹೇಳಲೇಬೇಕು. ಮುಂದಿನ ಬದಿಯಲ್ಲಿ ಅಜ್ಜನ ಹೆಸರು, ವಿಳಾಸ. ಮನೆಮಂದಿಯ ಹೆಸರು, ವಯಸ್ಸು ಇರುವುದು ಹಿಂದಿನ ಬದಿಯಲ್ಲಿ. ಕಾರ್ಡು ಹರಿದಿದೆ ಅಂತ ಮಾವ ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಕೊಟ್ಟಿದ್ದರಂತೆ. ಅಂಗಡಿಯವನು ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ಮೇಲೆ ಲ್ಯಾಮಿನೇಷನ್ ಮಾಡಿ ಕೊಟ್ಟಿದ್ದಾನೆ. ಮೂವತ್ತು ರೂಪಾಯಿ. ಅಮ್ಮಮ್ಮನ ವಯಸ್ಸು ಬರೆದಿದ್ದ ಬದಿ ರಟ್ಟಿಗೆ ಅಂಟಿಕೊಂಡು ಹೋಯಿತು. ಟಾರ್ಚ್ ಹಿಡಿದು ನೋಡಿದೆವು, ರಟ್ಟು ದಾಟಿ ಬೆಳಕೇ ಬರುವುದಿಲ್ಲ. ಹಳೆಯ ಕಾಗದ ಸರಿಮಾಡುವವರೊಬ್ಬರನ್ನು ಕೇಳಿದೆ. ನಾಲ್ಕೂವರೆ ಸಾವಿರ ಆಗುತ್ತದೆ, ಕಾಗದ ಉಳಿಯುವ ಗ್ಯಾರಂಟಿ ಇಲ್ಲ ಅಂದರು. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿಗೇ ಹಿಡಿದುಕೊಳ್ಳುತ್ತದೆ, ಎಳೆದರೆ ಶಾಯಿಯೂ ಜೊತೆಗೆ ಬರುತ್ತದೆ. ದಯವಿಟ್ಟು, ಕೈಮುಗಿದು ಕೇಳುತ್ತೇನೆ, ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಬದಿಯ ಫೋಟೋ ತೆಗೆದು, ಸುಮ್ನೆ ಒಂದು ಕವರಿನಲ್ಲಿ ಒಣಗಿದ ಜಾಗದಲ್ಲಿಡಿ. ಮಾವನಿಗೆ ತುಂಬಾ ಬೇಜಾರಾಗಿದೆ. ಅವರು ಕಾಪಾಡಬೇಕು ಅಂತಲೇ ಕೊಟ್ಟದ್ದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಅಂಗಡಿಯವನ ಮೇಲೆ ಇದೆ. ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಈಗ ವರ್ಲಿ, ಬಿಡಿಡಿ ಚಾಳು. ಚಾಳು ಅಂದರೆ ಒಂದೊಂದೇ ಖೋಲಿಯ, ಅಂದರೆ ಕೋಣೆಯ, ಮನೆಗಳ ಸಾಲು ಕಟ್ಟಡ. ಅಜ್ಜ ಇದ್ದ ಚಾಳು ಟವರ್ ಆಗಿದೆ, ಖೋಲಿಯ ಅಳತೆ ನಿಮಗೆ ಗೊತ್ತಾಗಲಿ ಅಂತ ಇಲ್ಲಿಗೆ ಬಂದೆ. ಬ್ರಿಟಿಷರು 1920ರ ದಶಕದಲ್ಲಿ ಕಟ್ಟಿಸಿದ್ದು. ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿ ಸೇರಿ 207 ಕಟ್ಟಡಗಳು. ಒಂದು ಖೋಲಿ 160 ಚದರ ಅಡಿ. ಇಂಥ ಚಾಳುಗಳನ್ನು ಕೆಡವಬಾರದು ಅಂತ ನಾನು ಎಲ್ಲರ ಹತ್ತಿರ ವಾದ ಮಾಡುತ್ತಿದ್ದೆ. ವರಾಂಡದ ಕೊನೆಯಲ್ಲಿರುವ ಆ ಸಾಮೂಹಿಕ ಪಾಯಿಖಾನೆ ನೋಡಿದ ಮೇಲೆ ವಾದ ಬಿಟ್ಟೆ. ಇಲ್ಲಿನವರಿಗೆ 500 ಚದರ ಅಡಿಯ ಹೊಸ ಮನೆ ಸಿಗುತ್ತಿದೆ, ಸಿಗಲಿ. ಒಂದೆರಡು ಖೋಲಿ ಮಾತ್ರ ಹಾಗೇ ಇಡಬೇಕು, ನಮ್ಮಂಥವರು ಬಂದು ನೋಡುವುದಕ್ಕೆ.

ಇಷ್ಟೇ ಜಾಗದಲ್ಲಿ ಅಮ್ಮಮ್ಮ ಮಕ್ಕಳನ್ನು ಸಾಕಿ, ಖಾನಾವಳಿಯನ್ನೂ ನಡೆಸಿದರು. ಮಿಲ್ಲಿನವರು ಪಾಳಿಗೆ ತಕ್ಕಂತೆ ಬಂದು ಉಂಡು ಹೋಗುತ್ತಿದ್ದರು. ಭಾನುವಾರ ಬಂಗುಡೆ ಸಾರು. ಅಮ್ಮ ಈಗಲೂ ಅದೇ ಅಳತೆಯಲ್ಲಿ ಕೊತ್ತಂಬರಿ, ಮೆಣಸು ಹುರಿಯುತ್ತಾರೆ, ಆದರೆ ಕೊಚ್ಚಕ್ಕಿ ಅನ್ನ ಇಲ್ಲದೆ ನನಗೆ ಆ ಸಾರು ಸೇರುವುದೇ ಇಲ್ಲ. ಅದು ಬೇರೆ ವಿಷಯ, ಈ ಶಾಟ್ ಮುಗಿಯುತ್ತಾ ಬಂತು, ಲೆಕ್ಕದ ಪುಸ್ತಕಕ್ಕೆ ಬರೋಣ.

ಟ್ರಂಕಿನ ತಳದಲ್ಲಿ ಸಿಕ್ಕಿದ್ದು ಇದು. ಅಕ್ಷರ ದೊಡ್ಡಮ್ಮನದು, ಲೆಕ್ಕ ಅಮ್ಮಮ್ಮನದು. ಅವರು ಬಾಯಲ್ಲಿ ಹೇಳುವುದು, ದೊಡ್ಡಮ್ಮ ಬರೆಯುವುದು. ಒಂದು ಊಟಕ್ಕೆ ಒಂದು ಗೆರೆ. ಸಂಬಳದ ದಿನ ಜಮಾ. ಈ ಪುಟ 1982ರದು. ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಮಿಲ್ಲುಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಫೆಬ್ರವರಿಯಿಂದ ಜಮಾ ಕಡೆ ಏನೂ ಇಲ್ಲ. ಊಟದ ಗೆರೆಗಳು ಮಾತ್ರ ನಿಂತಿಲ್ಲ, ನೋಡಿ. ಮಾರ್ಚ್, ಏಪ್ರಿಲ್, ಮೇ. ಆಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ‘ಊರಿಗೆ’ ಅಂತ ಬರೆದಿದೆ. ಬಾಕಿ ಬರಲೇ ಇಲ್ಲ. ದಿನಸಿ ಅಂಗಡಿಯ ಸೇಠ್‌ನ ಸಾಲ ತೀರಿಸಲು ಬಳೆ ಮಾರಿದರಂತೆ.

ಆ ಎರಡೂವರೆ ಲಕ್ಷದ ಎಣಿಕೆಯಲ್ಲಿ ಅಮ್ಮಮ್ಮ ಇಲ್ಲ. ಅವರ ಕೆಲಸವೂ ಆ ಮುಷ್ಕರದಲ್ಲೇ ಹೋದದ್ದು. ಅವರಂಥ ಹೆಂಗಸರು ಗಿರಣಗಾಂವ್, ಅಂದರೆ ಮುಂಬೈನ ಮಿಲ್ಲುಗಳ ಪ್ರದೇಶದ, ತುಂಬಾ ಇದ್ದರು. ಮುಷ್ಕರಕ್ಕೂ ಮೊದಲೇ, 1975ರಲ್ಲಿ, ಖಾನಾವಳಿ ನಡೆಸುವ ಇಂಥ ಹೆಂಗಸರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ್ ಎಂಬವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಬ್ಯಾಂಕ್ ಸಾಲ ಕೊಡಿಸಿದರು. ಅಮ್ಮಮ್ಮನಿಗೂ ಸೇರುವ ಆಸೆ ಇತ್ತು, ಅಜ್ಜ ಬೇಡ ಅಂದರು ಅಂತ ದೊಡ್ಡಮ್ಮ ಹೇಳಿದರು. ಅಜ್ಜ ಅಂದರೆ ನನಗೆ ಪ್ರಾಣ. ಆದರೂ ಆ ಮಾತು ಕೇಳಿದಾಗಿನಿಂದ ಅವರ ಮೇಲೆ ಸಿಟ್ಟಿದೆ.

ಕುರ್ಲಾಕ್ಕೆ ಹೊರಡಬೇಕು, ಮತ್ಸ್ಯಗಂಧ ರೈಲು ಹಿಡಿಯುವುದಿದೆ. ಕುಂದಾಪುರದಲ್ಲಿ ಇಳಿದು ತಾಲೂಕು ಕಚೇರಿಗೆ ಹೋಗುತ್ತೇನೆ. ಅಮ್ಮಮ್ಮನ ತವರಿನವರೂ ಗೇಣಿ ಒಕ್ಕಲು. 1974ರ ಭೂಸುಧಾರಣೆ ಬಂದಾಗ ಉಳುವ ಭೂಮಿ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ 7ರಲ್ಲಿ ಡಿಕ್ಲರೇಶನ್ ಹಾಕಿದ್ದರಂತೆ. ಆ ಫೈಲಿನಲ್ಲಿ ಅವರ ಅಪ್ಪನ ಹೆಸರು, ಸರ್ವೆ ನಂಬರ್ ಇದ್ದರೆ ತವರಿನ ಮನೆ ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಇಂಥ ಫೈಲ್ ತೆಗೆಸಿದವರು ಯಾರಾದರೂ ಇದ್ದರೆ ಅರ್ಜಿ ಹೇಗೆ ಕೊಟ್ಟಿರಿ ಅಂತ ತಿಳಿಸಿ. ಬ್ಯಾಗ್ ಎತ್ತುತ್ತಿದ್ದೇನೆ, ಕ್ಯಾಮೆರಾ ಆಫ್ ಮಾಡುತ್ತೇನೆ.